ಹಸು ಮೊದಲು, ಹಲೋ ಆಮೇಲೆ

ನಮ್ಮ ಕಡೆಯ ಯಾವ ಸರ್ಕಾರಿ ಶಾಲೆಗೆ ಹೋದರೂ ಒಂದು ಸ್ವಾಗತ ತಪ್ಪುವುದಿಲ್ಲ. ಬಾಗಿಲಲ್ಲಿ ಹೊಸಬರ ನೆರಳು ಬಿದ್ದರೆ ಸಾಕು, ಇಡೀ ತರಗತಿ ಎದ್ದು ನಿಂತು ‘ಗುಡ್ ಮಾ...ರ್ನಿಂಗ್ ಸಾ...ರ್’ ಎಂದು ರಾಗ ಎಳೆಯುತ್ತದೆ. ಮಧ್ಯಾಹ್ನ ಮೂರು ಗಂಟೆಯಾಗಿದ್ದರೂ ಮಾರ್ನಿಂಗೇ, ಬಂದವರು ಹೆಂಗಸಾಗಿದ್ದರೂ ಸಾರೇ. ಅದೇ ಮಕ್ಕಳಲ್ಲಿ ಒಬ್ಬನನ್ನು ಅಂಗಳದಲ್ಲಿ ಒಂಟಿಯಾಗಿ ನಿಲ್ಲಿಸಿ ‘ಗುಡ್ ಮಾರ್ನಿಂಗ್’ ಎಂದು ನೋಡಿ, ನಕ್ಕು ಓಡಿಹೋಗುತ್ತಾನೆ. ರಾಗ ಗುಂಪಿನದು, ಅವನದಲ್ಲ. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿ ನಡೆಸುವ ನಾನು ಒಂದನೇ ತರಗತಿಯ ಇಂಗ್ಲಿಷನ್ನು ಈ ರಾಗದಿಂದ ಬಿಡಿಸಲು ಹಸು, ನಾಯಿ, ಬಾತುಕೋಳಿಗಳ ಮೊರೆ ಹೋದೆ.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದದ್ದು 2007ರಲ್ಲಿ. ನಲಿ-ಕಲಿ ಅದಕ್ಕೂ ಹಳೆಯದು, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ಪದ್ಧತಿ. ಒಂದು, ಎರಡು, ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ನನ್ನ ಕೋಣೆಯಲ್ಲಿ ರೈತರ ಮಕ್ಕಳಿದ್ದಾರೆ, ಕಾಫಿ ತೋಟದ ಲೈನ್ ಮನೆಗಳಿಂದ ಬರುವವರಿದ್ದಾರೆ, ಅವರಲ್ಲಿ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಈ ಕೊನೆಯವರಿಗೆ ಕನ್ನಡವೇ ಹೊಸದು. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಬಲ್ಲ ಪಾಠ ಯಾವುದು ಎಂದು ಹುಡುಕಿದರೆ ಪ್ರಾಣಿಗಳ ಕೂಗೇ ಸಿಕ್ಕಿತು. ಅದಕ್ಕೆ ಅರ್ಥ ಹೇಳಬೇಕಿಲ್ಲ, ತಪ್ಪಾಗಿ ಕೂಗಿದರೆ ನಗು ಬರುತ್ತದೆಯೇ ಹೊರತು ಅವಮಾನವಾಗುವುದಿಲ್ಲ. ಜೊತೆಗೆ ಮೂ, ಬಾ, ಮಿಯಾಂವ್ ಎಲ್ಲವೂ ತುಟಿ ಮುಚ್ಚಿ ತೆರೆದರೆ ಹುಟ್ಟುವ ಸದ್ದುಗಳು. ಮಗು ಮಾತು ಕಲಿಯುವಾಗ ಮೊದಲು ಹೊರಡುವುದೂ ಮ, ಬ, ಪಗಳೇ.

ಸಲಕರಣೆ ಹೆಚ್ಚೇನಿಲ್ಲ. ಒಂದು ಬಟ್ಟೆ ಚೀಲ, ಅದರಲ್ಲಿ ಮಕ್ಕಳೇ ಮಾಡಿದ ಜೇಡಿಮಣ್ಣಿನ ಪ್ರಾಣಿಗಳು, ಮತ್ತು ಹಳೆಯ ಕಾಲುಚೀಲಕ್ಕೆ ಗುಂಡಿಯ ಕಣ್ಣು ಹೊಲಿದು ಮಾಡಿದ ಗೌರಿ ಎಂಬ ಹಸು. ಮಗು ಚೀಲಕ್ಕೆ ಕೈ ಹಾಕಿ, ನೋಡದೆ ತಡವಿ, ಸಿಕ್ಕ ಪ್ರಾಣಿಯ ಕೂಗು ಹಾಕಬೇಕು. ಉಳಿದವರು ಅದರ ಇಂಗ್ಲಿಷ್ ಹೆಸರು ಹೇಳಬೇಕು. ಬೆಕ್ಕಿನಿಂದ ಶುರು ಮಾಡುತ್ತೇನೆ, ಏಕೆಂದರೆ ಬೆಕ್ಕು ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ ತರಹ ಕೂಗುತ್ತದೆ. ಆಮೇಲೆ ಹಸು. ಇಲ್ಲಿ ಜಗಳವಾಯಿತು. ‘ನಮ್ಮ ಹಸು ಅಂಬಾ ಅನ್ನುತ್ತದೆ ಮಿಸ್, ಮೂ ಅನ್ನುವುದಿಲ್ಲ’ ಎಂದು ಒಬ್ಬ ಪಟ್ಟು ಹಿಡಿದ. ನಾನು ಬಾಯಿ ತೆರೆಯುವ ಮೊದಲೇ ಮೂರನೇ ತರಗತಿಯ ಹುಡುಗಿ ತೀರ್ಪು ಕೊಟ್ಟಳು: ‘ನಿಮ್ಮದು ಮಲೆನಾಡು ಗಿಡ್ಡ ಕಣೋ, ಅಂಬಾ ಅನ್ನುತ್ತದೆ. ಡೇರಿಗೆ ಹಾಲು ಹಾಕುವವರ ಸೀಮೆ ಹಸು ಮೂ ಅನ್ನುತ್ತದೆ.’ ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ಬಳಿ ಇರಲಿಲ್ಲ, ಹಾಗೇ ಬಿಟ್ಟೆ. ಈಗಲೂ ನಮ್ಮ ಶಾಲೆಯಲ್ಲಿ ಮೂ ಎನ್ನುವುದು ಸೀಮೆ ಹಸುವೇ.

ಕಪ್ಪೆಯ ‘ರಿಬಿಟ್’ ಮಾತ್ರ ಕೈಬಿಟ್ಟೆ. ಅದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಮರಗಪ್ಪೆಯ ಕೂಗು, ಹಾಲಿವುಡ್ ಸಿನಿಮಾಗಳ ದೆಸೆಯಿಂದ ಲೋಕದ ಕಪ್ಪೆಗಳೆಲ್ಲ ಹಾಗೆ ಕೂಗುವಂತಾಗಿದೆ. ಜೂನ್ ತಿಂಗಳಲ್ಲಿ ಗದ್ದೆಯ ಬದುವಿನ ಮೇಲೆ ನಡೆದು ಶಾಲೆಗೆ ಬರುವ ಮಕ್ಕಳಿಗೆ ಅದನ್ನು ಕಲಿಸುವ ಧೈರ್ಯ ನನಗಿಲ್ಲ. ‘ಕ್ರೋಕ್’ ಸಾಕು.

ಆನೆಯ ವಿಷಯವೇ ಬೇರೆ. ಚಿತ್ರದ ಪುಸ್ತಕಗಳಲ್ಲಿ ಆನೆ ಸೊಂಡಿಲೆತ್ತಿ ಕಹಳೆ ಊದುತ್ತದೆ. ಚೀಲದಿಂದ ಆನೆ ಬಂದಾಗ ನಮ್ಮ ಹುಡುಗನೊಬ್ಬ ಕಹಳೆ ಊದಲಿಲ್ಲ. ಕೆಳಗೆ ಬಗ್ಗಿ ಗಂಟಲಿನಲ್ಲಿ ಗುರ್ ಎಂದು ಸಣ್ಣಗೆ ಮೊರೆದು, ಆಮೇಲೆ ‘ಲಟಲಟ’ ಎಂದ. ಲಟಲಟ ಎಂದರೆ ಏನೋ ಎಂದೆ. ‘ಬೈನೆ ಮರ ಮುರಿಯುವುದು ಮಿಸ್, ಮೊದಲು ಅದೇ ಕೇಳಿಸುವುದು.’ ರಾತ್ರಿ ತೋಟಕ್ಕೆ ಆನೆ ಇಳಿಯುವ ಊರಿನ ಮಗು ಅದು. ಆನೆಗಳು ದೂರದ ಆನೆಗಳೊಡನೆ ಮಾತಾಡುವುದೂ ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿದ ಮೊರೆತದಲ್ಲಿಯೇ, ಕಹಳೆಯಲ್ಲಿ ಅಲ್ಲ. ‘ಎಲಿಫೆಂಟ್’ ಎಂಬ ಹೆಸರನ್ನು ಕಲಿಸಿ, ಕೂಗನ್ನು ಅವನಿಂದ ನಾವೆಲ್ಲ ಕಲಿತೆವು.

ಈ ಕೂಗಾಟದಿಂದ ನನಗೆ ಬೇಕಾಗಿದ್ದದ್ದು ಎರಡು ಉಚ್ಚಾರಣೆಗಳು. ಕನ್ನಡದ ನಾಲಿಗೆಗೆ ಪದ ವ್ಯಂಜನದಲ್ಲಿ ನಿಂತರೆ ಸಮಾಧಾನವಿಲ್ಲ. ಡಾಗ್ ಡಾಗು ಆಗುತ್ತದೆ, ಕ್ಯಾಟ್ ಕ್ಯಾಟು ಆಗುತ್ತದೆ. ‘ಉ ಬೇಡ’ ಎಂದು ಹೇಳುತ್ತ ಕೂತರೆ ವರ್ಷ ಕಳೆಯುತ್ತದೆ. ಬಾತುಕೋಳಿಗೆ ಒಪ್ಪಿಸಿದರೆ ಕೆಲಸ ಸಲೀಸು. ‘ಕ್ವಾಕ್’ ಎಂದು ಕೊನೆಗೆ ಕತ್ತನ್ನು ಝಟ್ಟನೆ ಹಿಂದಕ್ಕೆ ಎಳೆದುಕೊಳ್ಳಬೇಕು, ಎಳೆದಾಗ ‘ಉ’ಗೆ ಜಾಗವೇ ಉಳಿಯುವುದಿಲ್ಲ. ನಾಯಿಯ ‘ವೂಫ್’ಗೆ ನೋಟ್‌ಬುಕ್ ಹಾಳೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ ಬಾಯಿಯ ಮುಂದೆ ಹಿಡಿಸುತ್ತೇನೆ. ತುಟಿ ದುಂಡಗೆ ಮಾಡಿದಾಗ ಪಟ್ಟಿ ಅಲುಗಬಾರದು, ಕೊನೆಯ ‘ಫ್’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಹೊರಟಾಗ ಮಾತ್ರ ಅದುರಬೇಕು. ‘ವೂಪು’ ಎಂದವನ ಪಟ್ಟಿ ಒಮ್ಮೆಲೇ ಹಾರಿ ಸುಮ್ಮನಾಗುತ್ತದೆ, ಅದುರುತ್ತ ನಿಲ್ಲುವುದಿಲ್ಲ. ಅದನ್ನು ನಾನು ಹೇಳಬೇಕಾಗಿಲ್ಲ, ಪಕ್ಕದವನೇ ಕಂಡುಹಿಡಿಯುತ್ತಾನೆ.

ಇನ್ನೊಂದು ನಮ್ಮ ಜಿಲ್ಲೆಯ ಹಳೆಯ ಕಥೆ, ಹಕಾರ. ಹಾಸನವೇ ಬಾಯಲ್ಲಿ ಆಸನವಾಗುವಾಗ ಹಲೋ ಅಲೋ ಆಗುವುದರಲ್ಲಿ ಆಶ್ಚರ್ಯವಿಲ್ಲ, ಹೆನ್ ಎನ್ನಾಗುವುದರಲ್ಲೂ. ಮನೆಯ ಮಾತನ್ನು ತಿದ್ದುವ ಉಸಾಬರಿಗೆ ನಾನು ಹೋಗುವುದಿಲ್ಲ, ಅದು ಅವರ ಅವ್ವ ಅಪ್ಪನ ಮಾತು. ಇಂಗ್ಲಿಷಿನ ಹಕಾರಕ್ಕೆ ಮಾತ್ರ ಮಂಜು ಮುಸುಕಿದ ಬೆಳಗ್ಗೆ ಒಂದು ಚಿಕ್ಕ ಕನ್ನಡಿ ತಂದೆ. ಕನ್ನಡಿಗೆ ‘ಹಾ’ ಎಂದು ಉಸಿರು ಬಿಟ್ಟರೆ ಮಸುಕಾಗುತ್ತದೆ, ‘ಆ’ ಎಂದರೆ ಅಷ್ಟು ಬೇಗ ಮಸುಕಾಗುವುದಿಲ್ಲ. ಮಸುಕಿನ ಮೇಲೆ ಬೆರಳಿನಿಂದ ಗೆರೆ ಎಳೆಯುವ ಆಸೆಗೇ ಹಕಾರ ಬಂತು. ಬಂದದ್ದು ಸ್ವಲ್ಪ ಹೆಚ್ಚೇ ಬಂತು ಎನ್ನಬೇಕು. ಕೆಲವು ದಿನ ಎಲಿಫೆಂಟ್ ಹೆಲಿಫೆಂಟ್ ಆಗಿತ್ತು, ಎಗ್ ಹೆಗ್ ಆಗಿತ್ತು. ತಾನಾಗಿಯೇ ಇಳಿಯಿತು.

ಬಾಯಿ ಇಷ್ಟು ಸಡಿಲವಾದ ಮೇಲೆ ಶುಭಾಶಯದ ಸರದಿ. ಇಲ್ಲಿ ನಾನು ಇಟ್ಟುಕೊಂಡ ಕಟ್ಟಳೆ ಒಂದೇ: ಗುಂಪಿನಲ್ಲಿ ಯಾರೂ ಯಾರಿಗೂ ನಮಸ್ಕಾರ ಹೇಳಬಾರದು. ಬೆಳಗ್ಗೆ ಗೌರಿಯನ್ನು ಕೈಗೆ ತೊಡಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತೇನೆ. ಗೌರಿ ಒಬ್ಬೊಬ್ಬರಿಗೂ ‘ಮೂ, ಹಲೋ’ ಎನ್ನುತ್ತಾಳೆ. ಮಗು ಮೂ ಎಂದರೂ ಒಳಗೆ ಹೋಗಬಹುದು, ಹಲೋ ಎಂದರೂ ಹೋಗಬಹುದು. ಮಾತೇ ಆಡದೆ ಗೌರಿಯ ಮೂತಿ ಮುಟ್ಟಿ ಹೋದರೂ ಸರಿ. ಅಸ್ಸಾಂ ಕಡೆಯ ಹುಡುಗಿಯೊಬ್ಬಳು ಮಳೆಗಾಲವೆಲ್ಲ ಮೂತಿ ಮುಟ್ಟಿಯೇ ಹೋದಳು, ದಸರಾ ರಜೆಯ ನಂತರ ಮೂ ಎಂದಳು. ಹೊಸ ಭಾಷೆಗೆ ಬಿದ್ದ ಮಗು ಮೊದಲು ಬಹುಕಾಲ ಕೇಳುತ್ತದೆ, ಆಮೇಲೆ ಆಡುತ್ತದೆ. ಅವಸರಪಡಿಸಿದರೆ ಇನ್ನೂ ಒಳಸರಿಯುತ್ತದೆ.

ಹಲೋ ಒಂದು ತೊಡಕು ತಂದಿತು. ನಮ್ಮ ಮಕ್ಕಳಿಗೆ ಹಲೋ ಎಂದರೆ ಮೊಬೈಲ್. ಎದುರಿಗೆ ನಿಂತವರಿಗೆ ಹಲೋ ಎನ್ನುವಾಗಲೂ ಕೈ ಕಿವಿಯ ಹತ್ತಿರ ಹೋಗುತ್ತಿತ್ತು. ಅದಕ್ಕೆ ಆ ಕೈಯನ್ನು ಬೀಸಲು ಹಚ್ಚಿದೆ. ಗುಡ್ ಮಾರ್ನಿಂಗ್, ಗುಡ್ ಆಫ್ಟರ್‌ನೂನ್‌ಗಳ ಗಡಿ ಬಿಸಿಯೂಟ. ಗಡಿಯಾರ ಓದಲು ಬಾರದವರಿಗೆ ಊಟದ ಮೊದಲು ಮಾರ್ನಿಂಗ್, ಕೈ ತೊಳೆದ ಮೇಲೆ ಆಫ್ಟರ್‌ನೂನ್ ಎಂದರೆ ಸಾಕು. ಗುಡ್ ನೈಟ್ ಬೀಳ್ಕೊಡುವಾಗ ಹೇಳುವುದು, ಬಂದವರಿಗಲ್ಲ ಎಂಬುದನ್ನು ಹಾಸಿಗೆಯ ಆಟವಾಡಿಸಿ ತೋರಿಸಿದೆ.

‘ಹೌ ಆರ್ ಯು’ ಮತ್ತು ‘ವಾಟ್ ಈಸ್ ಯುವರ್ ನೇಮ್’ ಎರಡನ್ನೂ ಯಾವಾಗಲೂ ಒಂದೇ ಕ್ರಮದಲ್ಲಿ ಕೇಳುವ ಅಭ್ಯಾಸ ಶಾಲೆಗಳಲ್ಲಿದೆ. ಕ್ರಮ ಬದಲಿಸಿ ನೋಡಿ, ‘ಹೌ ಆರ್ ಯು’ ಎಂದರೆ ಮಗು ತನ್ನ ಹೆಸರು ಹೇಳುತ್ತದೆ. ನಾನು ಪ್ರಶ್ನೆಗಳನ್ನು ದಿನವೂ ಕಲೆಸುತ್ತೇನೆ. ಉತ್ತರವೂ ಯಾವಾಗಲೂ ‘ಫೈನ್’ ಆಗಬೇಕಿಲ್ಲ. ‘ಹಂಗ್ರಿ’, ‘ಕೋಲ್ಡ್’ ಎರಡನ್ನೂ ಕಲಿಸಿದ ಮೇಲೆ ಆಲೂರಿನ ಜುಲೈ ತಿಂಗಳಿನಲ್ಲಿ ಫೈನ್ ಎನ್ನುವವರೇ ಇಲ್ಲ.

ಥ್ಯಾಂಕ್ ಯು ಕಲಿಸಿದ್ದು ನಾನಲ್ಲ, ಅಡುಗೆಯ ಅಕ್ಕ. ಹಾಲು ಕೊಡುವಾಗ ಲೋಟವನ್ನು ಒಂದು ಗಳಿಗೆ ಬಿಡದೆ ಹಿಡಿದಿರುತ್ತಾರೆ, ‘ಥ್ಯಾಂಕ್ ಯು ಅಕ್ಕ’ ಎಂದ ಮೇಲೆ ‘ವೆಲ್ಕಮ್ ಮರಿ’ ಎಂದು ಬಿಡುತ್ತಾರೆ. ತರಬೇತಿಗೆ ಬಂದ ಅಧಿಕಾರಿಯೊಬ್ಬರು ಇಂಗ್ಲಿಷ್ ವಾಕ್ಯದಲ್ಲಿ ಅಕ್ಕ ಏಕೆ, ಮೇಡಂ ಎನ್ನಿಸಿ ಎಂದರು. ಅಕ್ಕ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ತಂದೆ ತಾಯಂದಿರ ತಕರಾರು ಇದ್ದೇ ಇದೆ. ಹಾಸನದ ಕಾನ್ವೆಂಟಿನ ವ್ಯಾನ್ ಊರಿನ ಮುಂದೆಯೇ ಹಾದುಹೋಗುತ್ತದೆ. ಅದರಲ್ಲಿ ಹೋಗುವ ಮಕ್ಕಳು ಎಬಿಸಿಡಿ ಬರೆಯುವಾಗ ನಮ್ಮವರು ಹಸುವಿನಂತೆ ಕೂಗುತ್ತಾರಲ್ಲ ಎಂದು ಒಬ್ಬ ಅಜ್ಜ ನೇರವಾಗಿಯೇ ಕೇಳಿದರು. ಬರೆಯುವುದು ಬರುತ್ತದೆ ಅಜ್ಜಾ, ವರ್ಷದ ಎರಡನೇ ಅವಧಿಯಲ್ಲಿ ಶುರು ಮಾಡುತ್ತೇನೆ ಎಂದೆ. ಮಾಡುತ್ತೇನೆ ಕೂಡ, ಆದರೆ ಅಕ್ಷರಗಳೂ ಚೀಲದಿಂದಲೇ ಬರುತ್ತವೆ: ಸಿ ಎಂದರೆ ಕೌ, ಡಿ ಎಂದರೆ ಡಕ್, ಎಚ್ ಎಂದರೆ ಕನ್ನಡಿಯನ್ನು ಮಸುಕಾಗಿಸುವ ಹೆನ್. ಆ ಅಜ್ಜನೇ ಮೊನ್ನೆ ಮೊಮ್ಮಗನನ್ನು ಬಿಡಲು ಬಂದಾಗ ಗೌರಿಗೆ ತಾವೂ ಹಲೋ ಎಂದರು. ಕೈ ಕಿವಿಯ ಹತ್ತಿರವೇ ಇತ್ತು, ಮೊಮ್ಮಗ ಹಿಡಿದು ಕೆಳಗಿಳಿಸಿದ.