ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟ ಮೇಲೆ

ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಅಂಗಡಿ. ಲೈಸೆನ್ಸ್ ಗೋಡೆಯ ಮೇಲಿದೆ, ಫಾರ್ಮಸಿಸ್ಟ್ ನಾನೇ. ಅಂಗಡಿಗೆ ಫ್ರಿಜ್ ಬೇಕು ಅನ್ನುತ್ತಾರೆ, ಅದೂ ಇತ್ತು. ಅದರೊಳಗೆ ಎಷ್ಟು ತಂಪಿದೆ ಅಂತ ಮಾತ್ರ ಮೊದಲ ಕೆಲವು ವರ್ಷ ನಾನು ನೋಡಿರಲೇ ಇಲ್ಲ.

ಒಂದು ಏಪ್ರಿಲ್‌ನಲ್ಲಿ ನೇಕಾರ ಹಿರಿಯರೊಬ್ಬರು ಬಂದರು. "ಅಕ್ಕಾರ, ಸೂಜಿ ಒಂದಿನಾನೂ ತಪ್ಪಸಂಗಿಲ್ರಿ. ಆದ್ರೂ ಶುಗರ್ ಇಳಿಯವಲ್ದು" ಅಂದರು. ಕಾರಣ ಏನೇನೋ ಇರಬಹುದು. ಡಾಕ್ಟರಿಗೆ ತೋರಿಸಿ ಎಂದು ಕಳಿಸಿದೆ. ಆದರೆ ಆ ಇನ್ಸುಲಿನ್ ಕೊಟ್ಟವಳು ನಾನೇ ಅಲ್ವಾ? ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಒಂದು ಡಿಜಿಟಲ್ ಥರ್ಮಾಮೀಟರ್ ತಂದೆ. ದಿನದ ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ನನ್ನ ಫ್ರಿಜ್ಜಿನ ಬಾಗಿಲಲ್ಲಿ ಮಧ್ಯಾಹ್ನ 13 ಇತ್ತು. ಹಿಂದಿನ ಗೋಡೆಗೆ ತಾಗಿಸಿದರೆ ಸೊನ್ನೆಗಿಂತ ಕೆಳಗೆ. ಬಿಸಿ ತಾಗಿದರೆ ಇನ್ಸುಲಿನ್ನಿನ ಕಸುವು ಇಳಿಯುತ್ತದೆ, ಹೆಪ್ಪುಗಟ್ಟಿದರೆ ಪೂರ್ತಿ ಕೆಡುತ್ತದೆ. ಎಷ್ಟೋ ಸಲ ಬಾಟಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅನುಮಾನ ಬಂದದ್ದನ್ನೆಲ್ಲ ಮಾರಾಟದಿಂದ ತೆಗೆದೆ. ಆ ತಿಂಗಳ ಲಾಭ ಅದರಲ್ಲೇ ಹೋಯಿತು.

ಈಗ ಇನ್ಸುಲಿನ್ ನಡುವಿನ ತಟ್ಟೆಯಲ್ಲಿ, ಬುಟ್ಟಿಯೊಳಗೆ ಇರುತ್ತದೆ. ಬಾಗಿಲಲ್ಲಿ ಏನೂ ಇಡುವುದಿಲ್ಲ. ನಮ್ಮ ಹಾಲು, ಊಟದ ಡಬ್ಬಿ ಹೊರಗೆ ಬಂದವು. ಕೆಳಗಿನ ತಟ್ಟೆಯಲ್ಲಿ ನೀರಿನ ಬಾಟಲಿಗಳನ್ನು ತುಂಬಿಟ್ಟಿದ್ದೇನೆ, ಕರೆಂಟ್ ಹೋದಾಗ ತಂಪು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ, ಸಂಜೆ ದೀಪ ಹಚ್ಚುವಾಗ ಎರಡು ಸಲ ಡಿಗ್ರಿ ಬರೆಯುತ್ತೇನೆ. ಲಕ್ಕುಂಡಿ, ಮುಳಗುಂದ ಕಡೆ ಹೋಗುವವರಿಗೆ ಐಸ್ ಪ್ಯಾಕ್ ಕೊಡುತ್ತೇನೆ, ಆದರೆ ಅದನ್ನು ಪೇಪರಿನಲ್ಲಿ ಸುತ್ತಿಯೇ ಇಡುತ್ತೇನೆ. ಬಾಟಲಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಮನೆಯಲ್ಲಿ ಫ್ರಿಜ್ ಇಲ್ಲದವರು ಬಾಟಲಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ ನೆರಳಲ್ಲಿ ಇಡಲಿ ಅಂತ ಹೇಳುತ್ತೇನೆ. ತೆರೆದ ದಿನವೇ ಆ ತಾರೀಖನ್ನು ಬಾಟಲಿಯ ಮೇಲೆ ಬರೆದುಕೊಳ್ಳಿ ಅಂತ ಹೇಳುತ್ತೇನೆ. ತೆರೆದ ಮೇಲೆ ಹೆಚ್ಚಿನ ಇನ್ಸುಲಿನ್‌ಗಳ ಬಾಳಿಕೆ ಸುಮಾರು ನಾಲ್ಕು ವಾರ ಅಷ್ಟೇ.

ಥರ್ಮಾಮೀಟರ್ ಬಂದ ಮೇಲೆ ಅಂಗಡಿಯ ಉಳಿದ ಮೂಲೆಗಳನ್ನೂ ಅದೇ ಕಣ್ಣಿನಿಂದ ನೋಡತೊಡಗಿದೆ. ಕತ್ತರಿಯನ್ನೇ ನೋಡಿ. ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುತ್ತದೆ. ನಾಲ್ಕು ಗುಳಿಗೆ ಕೇಳಿದರೆ ಇನ್ನೊಂದು ತುದಿಯಿಂದಲೇ ಕತ್ತರಿಸಬೇಕು. ಇಲ್ಲದಿದ್ದರೆ ಉಳಿದ ತುಂಡು ಯಾವ ಕಾಲದ್ದು ಅಂತ ನಮಗೇ ತಿಳಿಯುವುದಿಲ್ಲ. ಗಿರಾಕಿ ಒಯ್ಯುವ ತುಂಡಿನ ಬ್ಯಾಚು, ಎಕ್ಸ್‌ಪೈರಿ ಕವರಿನ ಮೇಲೆ ಬರೆಯುತ್ತೇನೆ, ಬಿಲ್ಲಿನಲ್ಲೂ ಇರುತ್ತದೆ. ಡೇಟ್ ಮುಗಿದದ್ದಕ್ಕೆ ಬೀಗದ ಡಬ್ಬಿ ಬೇರೆ.

ಇನ್ನೊಂದು ದಿನ ಮರೆಯಲಾಗದು. ಕೀಲು ನೋವಿನ ಅಜ್ಜಿಯೊಬ್ಬರಿಗೆ ಮೆಥೊಟ್ರೆಕ್ಸೇಟ್ ಬರೆದಿದ್ದರು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಗುಳಿಗೆ ಅದು. ಜೊತೆಗೆ ಫೋಲಿಕ್ ಆಸಿಡ್. ನಮ್ಮಲ್ಲಿದ್ದವು ಎರಡೂ ಸಣ್ಣ ಹಳದಿ ಗುಳಿಗೆ. ಕೌಂಟರಿನ ಹುಡುಗ, "ದಿನಾ ಊಟ ಆದಮ್ಯಾಲೆ ಒಂದೊಂದ ತಗೋರಿ ಆಯಿ" ಅಂದದ್ದು ನನ್ನ ಕಿವಿಗೆ ಬಿತ್ತು. ಅಜ್ಜಿ ಅಷ್ಟರಲ್ಲಿ ಮೆಟ್ಟಿಲು ಇಳಿದಿದ್ದರು, ಓಡಿಹೋಗಿ ಕರೆತಂದೆ. ಮೆಥೊಟ್ರೆಕ್ಸೇಟ್ ದಿನಾ ನುಂಗಿದರೆ ಬಾಯಿಹುಣ್ಣು ಬರುತ್ತದೆ, ರಕ್ತದ ಕಣಗಳು ಕುಸಿಯುತ್ತವೆ, ಜೀವವೇ ಹೋಗಬಹುದು.

ಹುಡುಗನನ್ನು ಬೈಯಲಿಲ್ಲ. ಆ ಔಷಧವನ್ನು ಅವನ ಕೈಗೆ ಬಿಟ್ಟ ತಪ್ಪು ನನ್ನದು. ಅಂದಿನಿಂದ ಮೆಥೊಟ್ರೆಕ್ಸೇಟ್ ನನ್ನ ಹಿಂದಿನ ಕಪಾಟಿನಲ್ಲಿದೆ, ನಾನೇ ಕೊಡುತ್ತೇನೆ. ಫೋಲಿಕ್ ಆಸಿಡ್ ಬೇರೆ ಕವರಿನಲ್ಲಿ. ಮೆಥೊಟ್ರೆಕ್ಸೇಟ್ ಕವರಿನ ಮೇಲೆ ವಾರದಲ್ಲಿ ಡಾಕ್ಟರು ಹೇಳಿದ ದಿನದ ಹೆಸರನ್ನು ದೊಡ್ಡದಾಗಿ ಬರೆಯುತ್ತೇನೆ. ಓದಲು ಬಾರದವರಿಗೆ ಸಂತೆಯ ದಿನ, ಉಪವಾಸದ ದಿನದ ಜೊತೆ ಜೋಡಿಸಿ ಹೇಳುತ್ತೇನೆ. ಹೇಳಿದ ಮೇಲೆ, "ಈಗ ನೀವ ನನಗ ಹೇಳ್ರಿ ನೋಡೋಣು" ಅಂತೀನಿ. ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ. ಸಂಜೆ ಗದ್ದಲದಲ್ಲಿ ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.

ಎಚ್1 ರಿಜಿಸ್ಟರಿನ ವಿಷಯ ಎಲ್ಲ ಅಂಗಡಿಯವರಿಗೂ ಗೊತ್ತು: ಕೆಲವು ಆ್ಯಂಟಿಬಯಾಟಿಕ್‌ನಂಥ ಔಷಧಗಳನ್ನು ಯಾವ ಡಾಕ್ಟರ ಚೀಟಿಗೆ, ಯಾರಿಗೆ, ಎಷ್ಟು ಕೊಟ್ಟೆವು ಅಂತ ಬರೆದಿಡುವ ಪುಸ್ತಕ ಅದು. 2014ರಿಂದ ಇದೆ, ಮೂರು ವರ್ಷ ಕಾಯ್ದಿಡಬೇಕು. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡುವುದಿಲ್ಲ ಅಂದಾಗ "ಮುಂದಿನ ಅಂಗಡ್ಯಾಗ ಕೊಡ್ತಾರ ಬಿಡ್ರಿ" ಅಂತ ಹೋದವರು ಬಹಳ. ಕೆಲವರು ಆಮೇಲೆ ಮರಳಿ ಬಂದರು, ಎಲ್ಲರೂ ಅಲ್ಲ.

ಈಗ ನನಗೆ ಉಳಿದಿರುವ ಚಿಂತೆ ಕಪಾಟುಗಳದ್ದು. ಎಷ್ಟೋ ಗುಳಿಗೆಗಳ ಮೇಲೆ 30 ಡಿಗ್ರಿ ಒಳಗಿಡಿ ಅಂತಿದೆ, ಕೆಲವಕ್ಕೆ 25. ನಮ್ಮ ಬೇಸಿಗೆಯಲ್ಲಿ ತಗಡಿನ ಕೆಳಗೆ ಅದು ಫ್ಯಾನಿನಿಂದ ಆಗುವ ಕೆಲಸವಲ್ಲ. ಪಶ್ಚಿಮದ ಗೋಡೆಯ ರ‍್ಯಾಕ್ ಖಾಲಿ ಮಾಡಿ ಅಲ್ಲಿ ಹತ್ತಿ, ಬ್ಯಾಂಡೇಜ್ ಜೋಡಿಸಿದ್ದೇನೆ. ಎರಡನೇ ಥರ್ಮಾಮೀಟರ್ ಅಲ್ಲೇ ನೇತುಹಾಕಿದ್ದೇನೆ. ಮಾರ್ಚ್ ಒಳಗೆ ಎಸಿ ಹಾಕಿಸಬೇಕು, ಕಂತಿನ ಲೆಕ್ಕ ಹಾಕುತ್ತಿದ್ದೇನೆ.