ಹೈಡಾ ಸ್ಕ್ಯಾನ್‌ನಲ್ಲಿ ನನ್ನ ಕಣ್ಣು ಮೊದಲು ಡೈಪರ್ ಮೇಲೆ

ಹುಟ್ಟಿ ವಾರಗಳಾದರೂ ಕಾಮಾಲೆ ಇಳಿದಿಲ್ಲ, ಮಲ ಸುಣ್ಣದ ಹಾಗೆ ಬಿಳಿ. ಇಂಥ ಮಗು ನಮ್ಮ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಹೈಡಾ ಸ್ಕ್ಯಾನ್‌ಗೆ, ಅಂದರೆ ಪಿತ್ತ ಹರಿಯುವ ಹಾದಿ ತೋರಿಸುವ ಸ್ಕ್ಯಾನ್‌ಗೆ, ಬಂದರೆ ಕೇಳಬೇಕಾದ್ದು ಒಂದೇ: ಪಿತ್ತ ಕರುಳಿಗೆ ಇಳಿಯುತ್ತಿದೆಯೋ ಇಲ್ಲವೋ?

ಸ್ಕ್ಯಾನ್‌ಗೆ ಮೊದಲು ಮೂರರಿಂದ ಐದು ದಿನ ಫಿನೋಬಾರ್ಬಿಟಾಲ್ ಕೊಡಿಸುತ್ತೇವೆ, ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ. ಅದು ಯಕೃತ್ತನ್ನು ಸ್ವಲ್ಪ ಚುರುಕು ಮಾಡುತ್ತದೆ. ಒಂದೂ ಡೋಸ್ ತಪ್ಪಿಲ್ಲ ತಾನೇ ಎಂದು ತಾಯಿಯನ್ನು ಕೇಳಿಯೇ ಮುಂದಿನ ಕೆಲಸ. ಮಂಪರು ಔಷಧ ನಾನು ಸಾಮಾನ್ಯವಾಗಿ ಕೊಡುವುದಿಲ್ಲ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಬಹಳಷ್ಟು ಮಕ್ಕಳು ನಿದ್ದೆ ಹೋಗುತ್ತವೆ.

ಯಕೃತ್ತು ಹೀರಿಕೊಂಡು ಪಿತ್ತದ ಜೊತೆ ಹೊರಹಾಕುವ ವಿಕಿರಣಶೀಲ ಔಷಧ ಟೆಕ್ನೀಷಿಯಂ ಮೆಬ್ರೊಫೆನಿನ್ ಕೊಟ್ಟ ಕೂಡಲೇ ಕ್ಯಾಮೆರಾ ಶುರು. ಯಕೃತ್ತು ಬೇಗ ಹೊಳೆದು ಹೃದಯ ಮಸುಕಾದರೆ ಯಕೃತ್ತಿನ ಕೋಶಗಳು ಕೆಲಸ ಮಾಡುತ್ತಿವೆ ಎಂದರ್ಥ. ಹೃದಯ ಬಹಳ ಹೊತ್ತು ಕಾಣುತ್ತಲೇ ಇದ್ದರೆ ಹೆಪಟೈಟಿಸ್ ಕಡೆಗೆ ಯೋಚನೆ ಹೋಗುತ್ತದೆ. ಒಂದು ಗಂಟೆಯಲ್ಲಿ ಕರುಳು ಕಾಣದಿದ್ದರೆ ಮತ್ತೆ ತೆಗೆಯುತ್ತೇವೆ, 24 ಗಂಟೆಯವರೆಗೂ. ಟೆಕ್ನೀಷಿಯಂನ ಅರ್ಧಾಯುಷ್ಯ 6 ಗಂಟೆ, ಅಂದರೆ ಪ್ರತಿ 6 ಗಂಟೆಗೆ ಅರ್ಧಕ್ಕಿಳಿಯುತ್ತದೆ. ಮರುದಿನ ಉಳಿದಿರುವುದು ಹದಿನಾರರಲ್ಲಿ ಒಂದು ಪಾಲೂ ಅಲ್ಲ, ಒಂದಷ್ಟು ಮೂತ್ರದಲ್ಲೂ ಹೋಗಿರುತ್ತದೆ. ಹಾಗಾಗಿ ಆ ಚಿತ್ರಕ್ಕೆ ಜಾಸ್ತಿ ಹೊತ್ತು ಕ್ಯಾಮೆರಾ ಹಿಡಿಯಬೇಕು.

ಅಸಲಿ ತಲೆನೋವು ಇಲ್ಲೇ. ಯಕೃತ್ತು ಹೊರಹಾಕದಿದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ಕೆಳಹೊಟ್ಟೆಯಲ್ಲಿ ಚುಕ್ಕಿ ಕಂಡಿತೆಂದು 'ಕರುಳಿಗೆ ಬಂತು' ಎಂದು ಸುಮ್ನೆ ಬರೆದುಬಿಟ್ಟರೆ ಮುಗಿಯಿತು, ಕಟ್ಟಿಕೊಂಡ ಪಿತ್ತನಾಳ ಹಾಗೇ ಉಳಿದುಹೋಗುತ್ತದೆ. ನಾನು ಡೈಪರ್ ಬಿಚ್ಚಿಸುತ್ತೇನೆ, ಚರ್ಮ ಒರೆಸಿಸುತ್ತೇನೆ, ಹಾಸು ಬದಲಿಸಿ ಮತ್ತೆ ಚಿತ್ರ ತೆಗೆಸುತ್ತೇನೆ. ಚುಕ್ಕಿ ಮಾಯವಾದರೆ ಅದು ಮೂತ್ರ. ಉಳಿದರೆ ಪಕ್ಕದಿಂದ ಒಂದು ಚಿತ್ರ: ಬೆನ್ನಿನ ಕಡೆ ಇದ್ದರೆ ಮೂತ್ರಪಿಂಡ, ಮುಂದಿದ್ದರೆ ಕರುಳು. ಮೂತ್ರಕೋಶವೂ ಮುಂದೆಯೇ ಇರುತ್ತದೆ ಅಲ್ವಾ, ಅದಕ್ಕೆ ಮಗು ಉಚ್ಚೆ ಮಾಡಿದ ಮೇಲೆ ಇನ್ನೊಮ್ಮೆ ನೋಡುತ್ತೇನೆ.

ಕರುಳಿನಲ್ಲಿ ನಿಜವಾಗಿ ಕಂಡರೆ ಬಿಲಿಯರಿ ಅಟ್ರೀಸಿಯಾವನ್ನು (ಶಿಶುವಿನ ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ) ಬಹುತೇಕ ಬಿಟ್ಟುಬಿಡಬಹುದು. ಕಾಣದಿದ್ದರೆ ಮಾತ್ರ ಎಚ್ಚರ. ಜೋರಾದ ಹೆಪಟೈಟಿಸ್‌ನಲ್ಲೂ, ಯಕೃತ್ತಿನೊಳಗೆ ಪಿತ್ತನಾಳಗಳು ಕಡಿಮೆ ಇರುವ ಅಲಗಿಲ್ ಸಿಂಡ್ರೋಮ್‌ನಲ್ಲೂ ಕಾಣದಿರಬಹುದು. ಅದಕ್ಕೇ ನನ್ನ ರಿಪೋರ್ಟಿನಲ್ಲಿ 'ಅಟ್ರೀಸಿಯಾ ಇದೆ' ಎಂದು ಬರೆಯುವುದಿಲ್ಲ, '24 ಗಂಟೆವರೆಗೆ ಕರುಳಿನಲ್ಲಿ ಕಾಣಲಿಲ್ಲ' ಎಂದಷ್ಟೇ. ಆದರೆ ರಿಪೋರ್ಟ್ ಟೈಪಾಗುವವರೆಗೆ ಕಾಯದೆ ಸರ್ಜನ್‌ಗೆ ಫೋನ್ ಮಾಡುತ್ತೇನೆ. ಕರುಳನ್ನು ನೇರ ಯಕೃತ್ತಿಗೆ ಜೋಡಿಸುವ ಕಸಾಯ್ ಶಸ್ತ್ರಚಿಕಿತ್ಸೆ ಹುಟ್ಟಿ ಸುಮಾರು 60 ದಿನದೊಳಗೆ ಆದರೆ ಫಲ ಚೆನ್ನಾಗಿರುತ್ತದೆ. ಖಚಿತ ಉತ್ತರ ಬೇಕಾದರೆ ಆಪರೇಷನ್ ಟೇಬಲ್ ಮೇಲೆ ಪಿತ್ತನಾಳಕ್ಕೆ ಡೈ ಹಾಕಿ ತೆಗೆಯುವ ಎಕ್ಸ್‌ರೇಯೇ ಆಗಬೇಕು.