ಅಜ್ಜ, ಆಯಿ ಕೊನೆಗೆ ಬರಲಿ: ಮನೆತನದ ಗ್ರೂಪ್ ಫೋಟೋ, ನನ್ನ ಅನುಭವ

ಗ್ರೂಪ್ ಫೋಟೋಕ್ಕೆ ಹಿರಿಯರನ್ನು, ಅಂದರೆ ಅಜ್ಜ, ಆಯಿ (ಅಜ್ಜಿ) ಇಬ್ಬರನ್ನು, ಎಲ್ಲರೂ ಕೂತ ಮೇಲೆ ಕೊನೆಗೆ ಕೂರಿಸ್ತೀನಿ ಅಂದಾಗ ಬಾಗಲಕೋಟೆಯ ನಮ್ಮ ಫೋಟೋಗ್ರಾಫರ್ ಲೈನಿನವರು ಯಾರೂ ಒಪ್ಪಲಿಲ್ಲ. "ಹಿರ್ಯಾರನ್ನ ಒಳಗ ಬಿಟ್ಟು ಹುಡುಗುರನ್ನ ಮೊದಲ ಕುಂದರಸ್ತಿಯೇನು? ಮನಿಯವರು ಬೈತಾರ ನೋಡು" ಅಂದರು. ಈಗ ಜಮಖಂಡಿ, ಮುಧೋಳದಿಂದಲೂ ಇದೇ ಫೋಟೋಕ್ಕೆ ಫೋನ್ ಬರುತ್ತದೆ. ಹಾಗೆ ಅಂದವರಲ್ಲೇ ಒಂದಿಬ್ಬರು ಇದೇ ಪದ್ಧತಿ ಹಿಡಿದಿದ್ದಾರೆ, ಹೇಳಿಕೊಳ್ಳೋದಿಲ್ಲ ಅಷ್ಟೇ.

ಅಜ್ಜನನ್ನು ಮೊದಲು ಕೂರಿಸಿದರೆ ಮೂವತ್ತೈದು ಮಂದಿ ಕೂಡುವಷ್ಟರಲ್ಲಿ ಅರ್ಧ ತಾಸು ಹೋಗುತ್ತದೆ. ಒಬ್ಬ ಅಳಿಯ ಫೋನಿನಲ್ಲಿರ್ತಾನೆ, ಒಬ್ಬ ಸೊಸೆ ಕೂಸಿನ ಬಟ್ಟೆ ಬದಲಿಸ್ತಿರ್ತಾಳೆ. ಅಷ್ಟೊತ್ತಿಗೆ ಅಜ್ಜನ ಬೆನ್ನು ಬಾಗಿ, ಪಟಕಾ (ರುಮಾಲು) ಒಂದು ಕಡೆ ವಾಲಿ, ಮುಖ ಸೋತಿರುತ್ತದೆ. ಅದನ್ನು ಫೋಟೋಶಾಪ್ ತಿದ್ದಿಕೊಡುವುದಿಲ್ಲ. ಹಾಗಾಗಿ ಅಜ್ಜ, ಆಯಿಗೆಂದು ಇಟ್ಟ ಎರಡು ಕುರ್ಚಿಗಳಲ್ಲಿ ಕೂತರೆ ಅವರಷ್ಟೇ ಎತ್ತರ ಬರುವ ಮೊಮ್ಮಕ್ಕಳನ್ನು ಕೂರಿಸಿ ಸಾಲು, ಲೈಟು, ಫೋಕಸ್ ಎಲ್ಲ ಮುಗಿಸಿಕೊಳ್ತೀನಿ. ಒಬ್ಬನ ತಲೆಗೆ ಬಿಳಿ ಟವೆಲ್ ಸುತ್ತಿಸಬೇಕು. ಎಕ್ಸ್‌ಪೋಷರ್ (ಬೆಳಕಿನ ಅಳತೆ) ಆ ಟವೆಲ್ಲಿಗೆ ಹಿಡಿದರೆ ಫೋಟೋದಲ್ಲಿ ಪಟಕಾದ ಮಡಿಕೆಗಳು ಉಳಿಯುತ್ತವೆ. ಮುಖಕ್ಕೆ ಹಿಡಿದರೆ ಪಟಕಾ, ಧೋತರ ಎರಡೂ ಬರೀ ಬಿಳಿ ಹಾಳೆ. ಆಮೇಲೆ ಅಜ್ಜ, ಆಯಿ ಬರ್ತಾರೆ. ಕೂತ ಮೇಲೆ ನಾಲ್ಕೈದು ನಿಮಿಷದ ಕೆಲಸ. ಇಡೀ ಮನೆತನ ಕಾಯ್ದಿರುವಾಗ ಬಂದು ಕೂರೋದಕ್ಕೆ ಯಾವ ಹಿರಿಯರೂ ಸಿಟ್ಟಾಗೋದಿಲ್ಲ.

ಕೂತ ಅಜ್ಜ, ಆಯಿಯನ್ನು ಮತ್ತೆ ಏಳಿಸೋ ಮಾತಿಲ್ಲ. ಮೊದಲು ಎಲ್ಲರೂ, ಆಮೇಲೆ ಬಿಡಿಸುತ್ತ ಬರಬೇಕು: ಬೀಗರನ್ನು ಇಳಿಸಿ ಒಂದು, ಮಕ್ಕಳು ಸೊಸೆಯಂದಿರು ಒಂದು, ಹೆಣ್ಣುಮಕ್ಕಳು ಅಳಿಯಂದಿರು ಒಂದು, ಬರೀ ಮೊಮ್ಮಕ್ಕಳು, ಕಡೆಗೆ ಅವರಿಬ್ಬರೇ. ಯಾರು ಎಲ್ಲಿ ಕೂರಬೇಕೆಂಬ ಜಗಳ ನಮ್ಮದಲ್ಲ. ಹಿಂದಿನ ದಿನವೇ ಮನೆಯ ಒಬ್ಬರಿಂದ ಪಟ್ಟಿ ಬರೆಸಿಕೊಳ್ಳಿ.

ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್, ದೂರ ಸುಮಾರು 25 ಫೂಟು. ಅಷ್ಟಕ್ಕೆ 18 ಫೂಟು ಅಗಲ ಸಿಗುತ್ತದೆ. ಭುಜ ಓರೆ ಮಾಡಿ ನಿಂತರೆ ಒಬ್ಬರಿಗೆ ಒಂದೂವರೆ ಫೂಟು, ಅಂದರೆ ಸಾಲಿಗೆ ಹನ್ನೊಂದು ಮಂದಿ ಆರಾಮ. ಜಾಗ ಸಾಲದೆಂದು 24 ಎಂಎಂ ಹಾಕಿ ಹತ್ತಿರ ಹೋದರೆ ಅಂಚಿನವರ ಮುಖ ಹಿಗ್ಗುತ್ತದೆ. ಅಂಚಿಗೆ ನಿಂತವಳು ಹಿರೀ ಸೊಸೆಯಾಗಿದ್ದರೆ ಫೋಟೋ ವಾಪಸ್ ಬಂತೆಂದೇ ತಿಳಿಯಿರಿ. ಅಪರ್ಚರ್ (ಲೆನ್ಸಿನ ಕಂಡಿ) ಎಫ್ 8, ಶಟರ್ 1/160 ಸೆಕೆಂಡು, ಫೋಕಸ್ ಅಜ್ಜನ ಕಣ್ಣಿಗೆ. ನಮ್ಮೂರಿನ ಹೊಸ ಭಾಗವಾದ ನವನಗರದ ಮನೆಗಳಿಗೆ ಹಳೇ ಊರಿನ ದೊಡ್ಡ ವಾಡೆ ಮನೆಗಳಂಥ ಅಂಗಳವಿಲ್ಲ, ರಸ್ತೆಯೇ ಸ್ಟುಡಿಯೋ. ಪಡುವಣ ಬಾಗಿಲ ಮನೆಯಾದರೆ ಬೆಳಿಗ್ಗೆ ನೆರಳು ರಸ್ತೆಗೇ ಬೀಳುತ್ತದೆ. ಬೇಸಿಗೆಯಲ್ಲಿ ಎಂಟೂವರೆಯೊಳಗೆ ಮುಗಿಸಿ.

ಕುರ್ಚಿ ನೋಡಿ ಇಡಿ. ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಬಿಳಿ ಧೋತರದ ಮಗ್ಗುಲು ಗುಲಾಬಿ ಹೊಡೆಯುತ್ತದೆ, ಕಂಪ್ಯೂಟರಿನಲ್ಲಿ ಬಣ್ಣ ಕರೆಕ್ಷನ್ ಮಾಡಹೋದರೆ ಕೈ ಚರ್ಮ ಹಸಿರಾಗುತ್ತದೆ. ಕಟ್ಟಿಗೆ ಕುರ್ಚಿ ಇಲ್ಲದಿದ್ದರೆ ಕರೀ ಕಂಬಳಿ ಹೊದಿಸಿ. ಆಯಿಯ ಕಾಲು ನೆಲಕ್ಕೆ ಮುಟ್ಟದಿದ್ದರೆ ಪಾದದ ಕೆಳಗೆ ಒಂದು ಮಣೆ ಕೊಡಿ, ಸೊಂಟ ತಾನೇ ನೆಟ್ಟಗಾಗುತ್ತದೆ. ಕನ್ನಡಕ ಹೊಳೆದರೆ ಅದರ ಕಾಲುಗಳನ್ನು ಕಿವಿಯಿಂದ ಎರಡು ಕಾಳಿನಷ್ಟು ಮೇಲೆತ್ತಿ; ಗಾಜು ಕೆಳಗೆ ಬಾಗಿ ಹೊಳಪು ಹೋಗುತ್ತದೆ. ಇಳಕಲ್ ಸೀರೆಯ ಸೆರಗಿನ ಕೆಂಪು ಪ್ರಿಂಟಿನಲ್ಲಿ ಕಲಸಿಕೊಳ್ಳುತ್ತದೆ, ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಿ. ಎಷ್ಟು ಇಳಿಸಬೇಕೆಂಬುದು ನನ್ನ ಹತ್ತಿರವೇ ಇರಲಿ.

ಗ್ರೂಪ್ ಫೋಟೋದಲ್ಲಿ ಯಾರಾದರೂ ಕಣ್ಣು ಮುಚ್ಚೋದಕ್ಕೆ ಆಸ್ಟ್ರೇಲಿಯಾದ ಇಬ್ಬರು ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ (ನಗು ಬರಿಸೋ ಸಂಶೋಧನೆಗೆ ಕೊಡೋ ತಮಾಷೆ ಪ್ರಶಸ್ತಿ) ತಗೊಂಡರು: ಇಪ್ಪತ್ತರೊಳಗಿನ ಗುಂಪಾದರೆ ಮಂದಿಯನ್ನು ಮೂರರಿಂದ ಭಾಗಿಸಿ ಅಷ್ಟು ಫೋಟೋ ಹೊಡೆಯಿರಿ, ಬೆಳಕು ಕಮ್ಮಿಯಿದ್ದರೆ ಎರಡರಿಂದ. ಐವತ್ತು ಮಂದಿಗೆ ಆ ಲೆಕ್ಕ ನಡೆಯೋದಿಲ್ಲ. ಟ್ರೈಪಾಡ್ ಅಲ್ಲಾಡಿಸದೆ ಹದಿನೈದಿಪ್ಪತ್ತು ಹೊಡೆದು, ಕಣ್ಣು ಮುಚ್ಚಿದವರ ತಲೆಯನ್ನು ಕಂಪ್ಯೂಟರಿನಲ್ಲಿ ಬದಲಿಸೋದೇ ದಾರಿ. ಕಿವಿ ಕೇಳದ ಅಜ್ಜನನ್ನು ಲೆನ್ಸ್ ಕಡೆ ನೋಡಿಸೋದು ಹೇಗೆಂದು ಕೇಳಬೇಡಿ, ಅದು ಅಂಗಡಿ ಗುಟ್ಟು.

ತೀರಿಕೊಂಡ ಅಜ್ಜನನ್ನು ಹಳೇ ಫೋಟೋದಿಂದ ಕತ್ತರಿಸಿ ಆಯಿಯ ಪಕ್ಕ ಕೂರಿಸೋ ಪ್ರಯೋಗವೂ ಆಯಿತು. ಬೆಳಕಿನ ದಿಕ್ಕು ಹೊಂದಲಿಲ್ಲ, ಇಡೀ ದಿನದ ಕೆಲಸಕ್ಕೆ ಐನೂರು ಸಿಕ್ಕಿತು. ಬಿಟ್ಟೆ. ಈಗ ಕಟ್ಟು ಹಾಕಿದ ಫೋಟೋವನ್ನೇ ಆಯಿಯ ತೊಡೆಯ ಮೇಲೆ ಇಡಿಸ್ತೀನಿ, ಗಾಜು ತೆಗೆದು. ಗಾಜಿದ್ದರೆ ಅಜ್ಜನ ಮುಖದಲ್ಲಿ ಬರೀ ಆಕಾಶ ಕಾಣುತ್ತದೆ.

ರೊಕ್ಕದ ಮಾತು. ಕಾಪಿಗೆ ಇಷ್ಟು ಅಂತ ಮಾತಾಡಿದರೆ ಲಾಸ್. ವಾಟ್ಸಾಪಿಗೆ ಒಂದು ಹೋದರೆ ಸಾಕು, ಯಾವ ಕಾಕಾನೂ ಪ್ರಿಂಟ್ ಕೇಳೋದಿಲ್ಲ. ನನ್ನ ರೇಟು ಒಟ್ಟು ನಾಲ್ಕು ಸಾವಿರ, 12x18 ಇಂಚಿನ ಫ್ರೇಮ್ ಎರಡು ಸೇರಿ; ನನಗೆ ಬೀಳೋ ಖರ್ಚು ಹದಿಮೂರು ನೂರರ ಆಸುಪಾಸು. ಹೆಚ್ಚಿನ ಫ್ರೇಮಿಗೆ ಒಂಬೈನೂರು. ಅರ್ಧ ಮುಂಗಡ, ಅದೂ ಒಬ್ಬರ ಕೈಯಿಂದಲೇ. ಅಣ್ಣತಮ್ಮಂದಿರು ಪಾಲು ಹಾಕಿ ಕೊಡ್ತೀವಿ ಅಂದರೆ ಕಡೇ ಪಾಲು ಬರೋದಿಲ್ಲ. ಸಾಫ್ಟ್ ಕಾಪಿ ಫ್ರೇಮ್ ಒಯ್ದ ಮೇಲೆ. ಫ್ರೇಮಿನ ಹಿಂದಿನ ಹಾರ್ಡ್‌ಬೋರ್ಡಿಗೆ ಸಾಲುವಾರು ಹೆಸರಿನ ಚೀಟಿ ಅಂಟಿಸ್ತೀನಿ, ಎಡದಿಂದ ಬಲಕ್ಕೆ. ಪ್ರಿಂಟಿನ ಬೆನ್ನಿಗೇ ಬಾಲ್‌ಪೆನ್ನಿನಲ್ಲಿ ಬರೆದರೆ ಮುಂಬದಿಗೆ ಗೆರೆ ಏಳುತ್ತದೆ. ಚೀಟಿಗೆ ರೊಕ್ಕ ತಗೊಳ್ಳೋದಿಲ್ಲ, ಕೆಳಗೆ ನನ್ನ ನಂಬರ್ ಇರುತ್ತದೆ.